ಹೆಪ್ಪು

ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು
ಅನ್ನುತ್ತಿದ್ದಳು ನಮ್ಮವ್ವ. ಅಂದವಳೇ
ಸೆರಗಿನಡಿ ಲೋಟ ಮುಚ್ಚಿಕೊಂಡು
ಹಿತ್ತಲ ಬಾಗಿಲಿಂದ ಕೊಟ್ಟು ಬರುತ್ತಿದ್ದಳು.

ನಾನು ಕೊಡುವುದೂ ಸಂಜೆಯೇ.
ಸರಸ್ವತೀಪುರದ ಮೂರನೇ ಮಹಡಿ,
ಕೊರಿಯರ್ ಹುಡುಗ ಬರುವುದೇ ಆರೂವರೆಗೆ.
ಕ್ಯಾನಿನ ಮುಚ್ಚಳ ತೆಗೆದರೆ ಬಿಳಿ ಹೊಗೆ
ನೆಲಕ್ಕೆ ಸುರಿದು ಚಪ್ಪಲಿ ಮುಚ್ಚುತ್ತದೆ.
ಕಿರುಬೆರಳಷ್ಟು ಸೀಸೆ. ಒಳಗೆ
ಹತ್ತು ಲಕ್ಷ ಕೋಶ, ಇನ್ನೂ
ಏನಾಗಬೇಕೆಂದು ಗೊತ್ತುಮಾಡಿಕೊಳ್ಳದವು:
ಕಣ್ಣೋ, ಗುಂಡಿಗೆಯೋ, ಬೆನ್ನುಹುರಿಯ ಎಳೆಯೋ.

ಇವುಗಳ ಮೂಲ ಒಂದು ಚುಕ್ಕಿ,
ಐದು ದಿನದ್ದು, ಬಸಿರಿಗೆ ಸೇರದೆ ಉಳಿದದ್ದು.
ಮಂಡ್ಯದ ಆಸ್ಪತ್ರೆಯ ಬೆಂಚಿನಲ್ಲಿ
ಒಪ್ಪಿಗೆ ಪತ್ರ ಓದಿ ಹೇಳಿದವಳು ನಾನೇ.
ಹೆಸರು ಹೇಳುವಂತಿಲ್ಲ. ಮಡಿಲಲ್ಲಿ ಹೆಣ್ಣುಮಗು,
ಮಗುವಿನ ಬಾಯಲ್ಲಿ ಅವಳ ಬಳೆ.
ಗಂಡ ಗಡಿಯಾರ ನೋಡುತ್ತಿದ್ದ.
"ಅದುಕ್ಕೆ ನೋವಾಯ್ತದಾ?"
ನರ ಇನ್ನೂ ಮೂಡಿಲ್ಲವೆಂದೆ.
"ಮಾರ್ಕಂಡೀರಾ?"
ಇಲ್ಲವೆಂದೆ, ಅಷ್ಟು ಗಟ್ಟಿಯಾಗಲ್ಲ.
"ಕೇಳ್ದೋರ್ಗೆ ಕೊಡಿ. ಹೆಪ್ಗೆ ಯಾರಾರ
ಕಾಸು ಈಸ್ಕಂಡಾರಾ?"

ಸಹಿ ಹಾಕಿದ ಮೇಲೆ ಅವಳೊಂದು ಸಂಖ್ಯೆಯಾದಳು.

ಧಾರವಾಡದಿಂದ ಬೇಡಿಕೆ ಬಂದಾಗ ನಮ್ಮ ಮುಖ್ಯಸ್ಥರು
ಹದಿನಾಲ್ಕು ಪುಟದ ಕರಾರು ಬರೆಸಿದರು.
ಎಂಟು ತಿಂಗಳು. "ನಮ್ಮದು ಮೊದಲು ಅಚ್ಚಾಗಲಿ,
ಆಮೇಲೆ ನೋಡೋಣ."
ತಪ್ಪೆನ್ನಲಾರೆ. ಭಾನುವಾರವೂ ಬಂದು
ಇವಕ್ಕೆ ಉಣಿಸಿದವಳು ನಾನು; ನನ್ನ ಕೈಯೂ
ಹಿಂಜರಿಯಿತು.
ಕೊನೆಗೆ ಕೊಟ್ಟೆವು, ಮೂರು ಸೀಸೆ.

ಈ ಏಪ್ರಿಲ್ಲಿನಲ್ಲಿ ತೊಟ್ಟಿ ಸೋರಿತು.
ಪಶು ಆಸ್ಪತ್ರೆಯ ಚಲುವೇಗೌಡರು
ಹೋರಿಬೀಜದ ಕ್ಯಾನಿನಿಂದಲೇ ಸಾರಜನಕ ಬಗ್ಗಿಸಿ
ಸ್ಕೂಟರಿನಲ್ಲಿ ತಂದರು. ತಡವಾಗಿತ್ತು.
ಕರಗಿಸಿ ನೋಡಿದರೆ ಒಂದೂ ತಳಕ್ಕೆ ಅಂಟಲಿಲ್ಲ,
ನುಚ್ಚಿನ ಹಾಗೆ ತೇಲುತ್ತಿದ್ದವು.
ಮುಖ್ಯಸ್ಥರು ಕಿಟಕಿ ಕಡೆ ತಿರುಗಿ ನಿಂತರು.

ಫೋನು ಮಾಡಿದವಳು ನಾನು.
ಆಕೆ ಕರಾರಿನ ಮಾತೆತ್ತಲಿಲ್ಲ.
"ನಿಮ್ಮವ ಅದಾವಲ್ರೀ, ಕಳಸ್ತೀನಿ."

ಇಪ್ಪತ್ತೆಂಟನೇ ತಲೆಮಾರು ಹೋದದ್ದು
ಮೂವತ್ನಾಲ್ಕಾಗಿ ಬಂದಿದೆ.
ಸೀಸೆಯ ಮೇಲೆ ಬೇರೆ ಯಾರದೋ ಕೈಬರಹ,
ನಾಲ್ಕರ ತಲೆ ಸ್ವಲ್ಪ ಬಾಗಿದೆ.
ತಟ್ಟೆಗೆ ಸುರಿದು, ಮೂವತ್ತೇಳು ಡಿಗ್ರಿಯ
ಬೆಚ್ಚನೆ ಪೆಟ್ಟಿಗೆಯೊಳಗಿಟ್ಟು
ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ:
ಬೆಳಗಿನವರೆಗೆ
ಯಾರೂ ಅಲುಗಿಸಬೇಡಿ.