ದಿನ ಬಿಟ್ಟು ದಿನ

ಬೆಂಡೆಗೆ ಭಾನುವಾರ ಗೊತ್ತಿಲ್ಲ.
ಅಮಾವಾಸ್ಯೆ, ಸೂತಕ, ನಂಟರ ಮನೆಯ ಬೀಗರೂಟ
ಯಾವುದನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಅದು.
ದಿನ ಬಿಟ್ಟು ದಿನ ಕೊಯ್ಯಬೇಕು,
ಇಬ್ಬನಿ ಆರಿದ ಮೇಲೆ, ಬಿಸಿಲು ಬಲಿಯುವ ಮೊದಲು.
ಅರಕೆರೆ ನಾಲೆಯ ಏರಿ ಮೇಲೆ
ಹಾಲಿನ ಕ್ಯಾನು ಹೊತ್ತ ಮೊಪೆಡ್ಡು ಡೈರಿಗೆ ಹೋಗಿ ಬರುವಷ್ಟು ಹೊತ್ತು.
ಅಷ್ಟೇ ಸಿಗುವುದು.

ಎರಡೂ ಕೈಗೆ ಗಂಡನ ಹಳೇ ಸಾಕ್ಸು.
ಮೊದಲ ವರ್ಷ ಬರಿಗೈಲಿ ಕೊಯ್ದು
ರಾತ್ರಿಯಿಡೀ ಕೆರೆದುಕೊಂಡಿದ್ದೆ.
ಅತ್ತೆ ನಿಂಗಾಜಮ್ಮ ಕೊಬ್ಬರಿ ಎಣ್ಣೆ ಸವರುತ್ತಾ ನಕ್ಕಿದ್ದರು:
"ಮುಟ್ಟಿದೋರ್ನ ಬೆಂಡೆ ಗ್ಯಾಪ್ಕ ಇಟ್ಕತದೆ ಕಣವ್ವ."

ಬೀಜ ಅವರದೇ, ಅಂಗಡಿ ಪೊಟ್ಟಣದ್ದಲ್ಲ.
ರಾತ್ರಿ ನೆನೆಹಾಕಿ, ತೇಲಿದ್ದನ್ನು ಚೆಲ್ಲಿ,
ಮುಳುಗಿದ್ದನ್ನು ಬೂದಿಯಲ್ಲಿ ಹೊರಳಿಸಿ
ಗೇಣಿಗೊಂದು ಗುಳಿ, ಗುಳಿಗೆರಡು ಕಾಳು.
ಎರಡೂ ಮೊಳೆತರೆ ಒಂದನ್ನು ಕೀಳಬೇಕು.
ನನಗೆ ಕೈ ಬರುತ್ತಿರಲಿಲ್ಲ.
"ಎರಡ್ನೂ ಸಾಕಕ್ಕೋದ್ರೆ ಎರಡೂ ಬಡಕಲಾಯ್ತವೆ.
ಕೀಳು, ಸುನಂದಿ."
ಎಲೆಯ ನರ ಹಳದಿಯಾದ ಗಿಡವನ್ನೂ ಹಾಗೆಯೇ
ಮೈತುಂಬ ಹೂವಿದ್ದರೂ ಕಿತ್ತು ಸುಟ್ಟರು.
ಹೂವೂ ಹಳದಿ, ರೋಗವೂ ಹಳದಿ,
ದೂರದಿಂದ ನನಗೆ ಎರಡೂ ಒಂದೇ.

ಈ ಸಲ ಕಾಯಿ ಸುರಿಯುವ ಹೊತ್ತಿಗೇ
ಅತ್ತೆಯ ಕಣ್ಣಿನ ಪೊರೆ ತೆಗೆಸಲು ಮೈಸೂರಿಗೆ ಹೋದೆವು.
ಸಕ್ಕರೆ ಇಳಿಯಲೆಂದು ಎರಡು ದಿನ ಕಾಯಿಸಿದರು.
ಒಟ್ಟು ಐದು ದಿನ.
ದೊಡ್ಡಾಸ್ಪತ್ರೆಯ ಮಂಚದ ಮೇಲೆ, ಬ್ಯಾಂಡೇಜಿನೊಳಗಿಂದ
ಅತ್ತೆ ಕೇಳುತ್ತಿದ್ದುದು ಒಂದೇ:
"ಕಾಯಿ ಕುಯ್ದ್ರಾ?"
ಕೊಯ್ತಿದ್ದಾರೆ ಅಂದೆ.
ಅವನು ಕಟ್ಟುನೀರಿನ ಸರದಿಗೆ ರಾತ್ರಿಯೆಲ್ಲ ತೂಬಿನ ಬಳಿ ಕಾದು
ಹಗಲು ಮಲಗಿದ್ದನಂತೆ.

ಬಂದಾಗ ಗಿಡಕ್ಕೆ ಗೇಣುದ್ದದ ಕೊಂಬುಗಳು.
ಎಮ್ಮೆ ಮೂಸಿ ಮುಖ ತಿರುಗಿಸಿತು.
ಬಲಿತ ಕಾಯಿ ಹೊತ್ತ ಗಿಡ
ತನ್ನ ಕೆಲಸ ಮುಗಿಯಿತೆಂದು ಹೂವನ್ನೇ ಮರೆತುಬಿಡುತ್ತದೆ.
ಅದಕ್ಕೇ ಬೇಡದ್ದನ್ನೂ ಕೊಯ್ಯಬೇಕು.
ಸಿಟ್ಟಲ್ಲಿ ಕೊಯ್ದೆ. ಮೂರು ಕುಕ್ಕೆ. ಜಗಲಿಗೆ ತಂದು ಸುರಿದೆ.

ಕಪ್ಪು ಕನ್ನಡಕದ ಅತ್ತೆ ಕಾಲು ಚಾಚಿ ಕೂತು
ಒಂದೊಂದರ ತುದಿಯನ್ನೂ ಮುರಿಯದೆ, ಮುರಿಯುವ ಮುಂಚಿನವರೆಗೆ ಬಗ್ಗಿಸಿದರು.
ಎಳೆಯದಾದರೆ ಬೆರಳಿಗೆ ಗೊತ್ತಾಗುತ್ತದಂತೆ.
ಎಡಕ್ಕೆ ಬಿದ್ದದ್ದು ಮಂಡಿಗೆ, ಅದೇ ಕಡಿಮೆ.
ಅದನ್ನು ತೊಳೆಯಬಾರದು, ನೀರು ಸೋಕಿದರೆ ಬೆಳಗಾಗುವುದರಲ್ಲಿ ಕಪ್ಪು.
ಬಿದಿರ ಕುಕ್ಕೆಯ ಹೊರಗೆ ಹಸಿ ಗೋಣಿ ಸುತ್ತಿ
ರಾಗಿ ಮೂಟೆಯ ಹಿಂದಿನ ತಂಪಲ್ಲಿಟ್ಟೆ,
ಮಂಡ್ಯದ ಟೆಂಪೋ ನಾಲ್ಕಕ್ಕೆ ಬರುತ್ತದೆ.
ಅರೆಬಲಿತದ್ದು ಬಿಲ್ಲೆಯಾಗಿ, ಹುಳಿಮಜ್ಜಿಗೆ ಉಪ್ಪಲ್ಲಿ ಮಿಂದು
ತಾರಸಿಯ ಬಿಸಿಲಿಗೆ.
ಮಿಕ್ಕದ್ದು ತಿಪ್ಪೆಗೆ.

ಅಷ್ಟರಲ್ಲಿ ಅತ್ತೆಯ ಕೈ ನಿಂತಿತು.
ಆ ಕಾಯಿಯ ತೊಟ್ಟಿಗೆ ಕೆಂಪು ದಾರ.
ಆಸ್ಪತ್ರೆಗೆ ಹೋಗುವ ಹಿಂದಿನ ಸಂಜೆ
ಮಂಜುಗಣ್ಣಲ್ಲಿ ತಡವಿ ತಡವಿ
ಬೀಜಕ್ಕೆಂದು ಅವರೇ ಕಟ್ಟಿದ್ದು.
ಒಳಗೆ ಇನ್ನೂ ಹಾಲುಗಾಳು.

ನಾನು ಉಸಿರು ಬಿಡಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.
ದಾರ ಬಿಚ್ಚಿದರು, ಬಾಯಲ್ಲಿ ಎಂಜಲು ಮಾಡಿ ಸಿಕ್ಕು ಬಿಡಿಸಿದರು,
ನನ್ನ ಕೈ ಹುಡುಕಿ ಕಿರುಬೆರಳಿಗೆ ಸುತ್ತಿದರು.
"ಇನ್ನೊಂದ ನೀನೇ ನೋಡು.
ಕುಳ್ಳುಗಿಡ, ಗೆಣ್ಣು ವತ್ತಾಗಿರ್ಬೇಕು, ಪಕ್ಕದ್ದಕ್ಕೂ ರೋಗ ಇರ್ಬಾರ್ದು."

ಐದು ವರ್ಷದಿಂದ ಈ ಸಾಲುಗಳಲ್ಲಿ
ಕಾಯಿ ನೋಡಿದ್ದೇನೆ, ಗಿಡ ನೋಡಿರಲಿಲ್ಲ.
ಮೂರನೇ ಸಾಲಲ್ಲಿ ನಿಂತಿದ್ದೇನೆ.
ಸಾಕ್ಸು ಹಾಕಿ ಗಂಟು ಕಟ್ಟಲಾಗುವುದಿಲ್ಲ,
ಕಳಚಿ ಸೊಂಟಕ್ಕೆ ಸಿಕ್ಕಿಸಿದೆ.
ಕೈ ಆಗಲೇ ಕಡಿಯುತ್ತಿದೆ.