ಒರೆಸಿದ ಗುರುತು

ಬುದವಂತ ಗುನಗಿ ಬೆಳಿಗ್ಗೆ ಏಳಕ್ಕೇ
ಕೋಡಿಬಾಗದ ನನ್ನ ಶೆಡ್ಡಿಗೆ ಕರಿ ಕಾರು ತಂದ.
ಹನ್ನೊಂದು ವರ್ಷ ಮದುವೆ ಬಾಡಿಗೆ ಹೊಡೆದ ಕಾರು;
ವೈಪರಿನ ಸಂದಿಯಲ್ಲಿ ಇನ್ನೂ ಒಂದು ಒಣ ಅಬ್ಬಲಿಗೆ,
ಬಾನೆಟ್ಟಿನ ಮೂಲೆಯಲ್ಲಿ ಟೇಪಿನ ಅಂಟು,
ಯಾರದೋ ಹೆಸರಿನ ಮೊದಲ ಅಕ್ಷರದ ಬಾಲ.

'ಬಣ್ಣ ಯಾಕೋ ಮಂಕು' ಅಂದ.
ಶಟರ್ ಅರ್ಧ ಎಳೆದು, ಡೋರಿಗೆ ದೀಪ ಹಿಡಿದೆ.
ಎದ್ದಿತು ಜೇಡರ ಬಲೆ.
ಎಲ್ಲ ದಿಕ್ಕಿಗೂ ಹರಿದ ಕೂದಲೆಳೆಯ ಗೀರು,
ಬೆಳಕಿಗೆ ಅಡ್ಡ ಬಂದವಷ್ಟೇ ಮಿನುಗಿ
ಬಳೆ ಬಳೆಯಾಗಿ, ದೀಪ ಸರಿದಲ್ಲೆಲ್ಲ
ಜೊತೆಗೇ ಸರಿದು ಬಂದವು.

'ಯಾರು ಗೀಚಿದ್ದು ಇದು?'
ಶಾಲೆ ಹುಡುಗರಿಗೆ, ನೆರೆಮನೆಯ ಕೋಳಿಗೆ,
ಕೊಂಕಣಿಯಲ್ಲಿ ಒಂದೊಂದೇ ಬೈಗುಳ ಇಳಿಸಿದ.
ಹೇಳಬಾರದಿತ್ತೇನೋ. ಹೇಳಿಬಿಟ್ಟೆ:
ನೀನೇ.
ದಿನಾ ಚಹಾಕ್ಕೂ ಮೊದಲು
ಹಳೇ ಲುಂಗಿಯಲ್ಲಿ ಒಣ ಒಣ ಒರೆಸುತ್ತೀಯಲ್ಲ,
ಗಾಳಿ ತಂದ ಉಪ್ಪು, ಹೆದ್ದಾರಿಯ ಜಲ್ಲಿಹುಡಿ,
ಮೀನಿನ ಲಾರಿ ಸುರಿಸಿ ಹೋದ ನೀರು ಒಣಗಿದ ಮರಳು,
ಅಷ್ಟನ್ನೂ ಸೇರಿಸಿ, ಸುತ್ತ ಸುತ್ತ, ಪ್ರೀತಿಯಿಂದ.

ಅವನು ಹೊರಗೆ ಹೋಗಿ ಬೀಡಿ ಹಚ್ಚಿದ.
ನಾನು ನೀರು ಬಿಟ್ಟೆ.

ತೊಳೆದಾದ ಮೇಲೆ ಕ್ಲೇ ಉಂಡೆ, ಚಪಾತಿ ಹಿಟ್ಟಿನ ಹದ;
ತೀಡಿದರೆ ಕಣ್ಣಿಗೆ ಕಾಣದ ತರಿ ಕಿತ್ತು ಬರುತ್ತದೆ.
ರಬ್ಬರಿನ ಅಂಚಿಗೆಲ್ಲ ನೀಲಿ ಟೇಪು.
ಪ್ಯಾಡಿಗೆ ಕಾಂಪೌಂಡು, ಕಡಲೆಕಾಳಿನಷ್ಟು, ನಾಲ್ಕೇ ಹನಿ.
ಬೈತಖೋಲದ ಧಕ್ಕೆಯಲ್ಲಿ ಟ್ರಾಲರಿನ ಹೊಟ್ಟೆ ಕೆರೆದ ಕೈ ಇದು;
ಅಲ್ಲಿ ಬಲ ಹಾಕಿದಷ್ಟೂ ಚಿಪ್ಪು ಉದುರುತ್ತಿತ್ತು.
ಇಲ್ಲಿ ಒತ್ತಿದರೆ ಮಷೀನು ಮುನಿಯುತ್ತದೆ,
ತಿರುಗುವುದು ಬಿಟ್ಟು ಬರೀ ನಡುಗುತ್ತದೆ.
ಅದರ ಭಾರ ಅದಕ್ಕೇ ಸಾಕು.
ಇಷ್ಟು ಕಲಿಯಲು ಎರಡು ಬಾನೆಟ್ಟು ಕೆಡಿಸಿದ್ದೇನೆ,
ಒಂದು ನನ್ನ ಭಾವನದು.

ಗೀರನ್ನು ಯಾರೂ ತೆಗೆಯುವುದಿಲ್ಲ ನಿಜಕ್ಕೂ.
ಗೀರು ಅಂದರೆ ಅಲ್ಲಿ ಇಲ್ಲದ ಬಣ್ಣ;
ಇಲ್ಲದ್ದನ್ನು ತೆಗೆಯುವುದು ಹೇಗೆ?
ಅಕ್ಕಪಕ್ಕ ಇರುವುದನ್ನೇ ಇಳಿಸಿ ಇಳಿಸಿ
ದಿನ್ನೆಯನ್ನು ಹಳ್ಳದ ತಳಕ್ಕೆ ತರುವುದು. ಅಷ್ಟೇ ಹೊಳಪು.
ದರ ಕೇಳುವವರಿಗೆ ಇದನ್ನು ಹೇಳುವುದಿಲ್ಲ.

ಹನ್ನೊಂದಕ್ಕೆ ಕರೆಂಟು ಹೋಯಿತು.
ದೂರ ಸೇತುವೆಯ ಮೇಲಿನ ಲಾರಿಗಳು ಒಮ್ಮೆಗೇ ಕೇಳಿಸಿದವು.
ಬುದವಂತ ಒಳಗೆ ಬಂದು
ಹಿಂದಿನ ಎಡ ಡೋರಿನೆದುರು ಕುಕ್ಕರಗಾಲಲ್ಲಿ ಕೂತ.
ಕಿಟಕಿಯ ಕೆಳಗೆ ಬೆರಳುದ್ದದ ಗೀರು, ಆಳ.

'ಕಡವಾಡದ ಮದುಮಗಳು. ಹಾಲಿಗೆ ಹೊರಟಿದ್ದೆವು.
ಕೈ ಹೊರಗೆ ಹಾಕಿ ಡೋರು ಬಡಿದಳು ನೋಡು,
ಹಸಿರು ಬಳೆ ಪಟ್ ಅಂತ ಒಡೀತು. ತಿರುಗಿಸಿ ಅಂದಳು.
ಮಾವ ಮುಹೂರ್ತ ಅಂದ. ಅತ್ತೆ ಅಪಶಕುನ ಅಂದಳು.
ನಾನು ತಿರುಗಿಸಿದೆ.
ಸೀರೆ ಎತ್ತಿಕೊಂಡು ಒಳಗೆ ಓಡಿ
ಪ್ಲಾಸ್ಟಿಕ್ ಕವರಿನಲ್ಲಿ ಒಂದು ಕಾಗದ ತಂದಳು.
ಪಿಯುಸಿ ಅಂಕಪಟ್ಟಿ.'

ಮುಂದೆ?

'ಮುಂದೆ ಗೊತ್ತಿಲ್ಲ ಮಾರಾಯ.
ನನ್ನ ಬಾಡಿಗೆ ಹಾಲಿನ ತನಕ.'

ಕರೆಂಟು ಬಂತು. ಗೇಜು ಇಟ್ಟೆ:
ಎಂಬತ್ತೆರಡು ಮೈಕ್ರಾನು. ಇನ್ನು ಇಳಿದರೆ ತಳ ಕಾಣುತ್ತದೆ.
'ಇದೊಂದು ಹೋಗಲ್ಲ' ಅಂದೆ ನಾನು.
'ಇದೊಂದು ಬಿಡು' ಅಂದ ಅವನು, ಅದೇ ಉಸಿರಿಗೆ.

ಸಂಜೆ ಶಟರ್ ಎತ್ತಿದಾಗ ಬಾನೆಟ್ಟಿನೊಳಗೆ
ಸದಾಶಿವಗಡ ತಲೆಕೆಳಗಾಗಿ ನಿಂತಿತ್ತು;
ಅದರ ಬುಡದಲ್ಲಿ ಒಂದು ಹದ್ದು ಈಜುತ್ತಿತ್ತು.
ಬುದವಂತ ಡಿಕ್ಕಿಯ ಲುಂಗಿಗೆ ಕೈ ಹಾಕಿದವನು
ತಡೆದು, ಮುಖ ಒರೆಸಿಕೊಂಡ.
ನಾನು ಕೊಟ್ಟ ಮೈಕ್ರೋಫೈಬರ್ ಬಟ್ಟೆಯನ್ನು
ಮೂಸಿ, ಕೆನ್ನೆಗೆ ತಾಗಿಸಿ, ನಾಲ್ಕು ಮಡಿಕೆ ಮಾಡಿ
ಇನ್ಶೂರೆನ್ಸ್ ಕಾಗದದ ಅಡಿಗೆ ಇಟ್ಟ.
'ಚಲೋ ಬಟ್ಟೆ,' ಅಂದ.
'ಸುಮ್ನೆ ಕೊಳೆ ಮಾಡೋದು ಬೇಡ.'