ಕತ್ತಲಲ್ಲಿ ಉಪ್ಪು

ಫೆಬ್ರವರಿ ಆರು. ಬೆಳಗಿನ ಏಳೂವರೆ, ಇನ್ನೂ ಕತ್ತಲು.
ಹೆಲ್ಟರ್ಮಾ ಬಂದರಿನಿಂದ ಆಹ್ತೊ ಫೋನು ಮಾಡಿದ:
"ನಿನ್ನ ಪರದೆ ಮೂವತ್ತೊಂದು ಅನ್ನುತ್ತಿದೆ, ವಿರ್ವೆ.
ನನ್ನ ಬೈರಿಗೆ ಹದಿನೇಳು ಅನ್ನುತ್ತಿದೆ.
ಯಾರ ಮಾತು ಕೇಳಲಿ?"

ಬೈರಿಗೆಯ ಮಾತು ಕೇಳು, ಅಂದೆ. ದಾರಿ ತೆರೆಯಬೇಡ.

ನಮ್ಮ ದ್ವೀಪಕ್ಕೂ ಆಚೆ ದಡಕ್ಕೂ ನಡುವೆ
ಕಡಲು ಇಪ್ಪತ್ತೆರಡು ಸೆಂಟಿಮೀಟರು ಗಡ್ಡೆ ಕಟ್ಟಿದರೆ
ಅದರ ಮೇಲೇ ಕಾರು ಬಿಡುತ್ತಾರೆ.
ಸೀಟುಬೆಲ್ಟು ಹಾಕಬಾರದು ಅನ್ನುತ್ತದೆ ಫಲಕ.
ಯಾಕೆಂದು ಫಲಕ ಹೇಳುವುದಿಲ್ಲ.
ಇಲ್ಲಿ ಮಕ್ಕಳಿಗೂ ಗೊತ್ತು.

ಪರದೆ ಕುಸಿದಿರಲಿಲ್ಲ. ಅದೇ ನನ್ನ ಎದೆ ಹಿಂಡಿದ್ದು.
ಕುಸಿದಿದ್ದರೆ ಬೈದು, ಕಾಫಿ ಕುಡಿದು, ಎಬ್ಬಿಸುತ್ತಿದ್ದೆ.
ಅದು ಸುಳ್ಳನ್ನು ಸಮಾಧಾನವಾಗಿ ಹೇಳುತ್ತಿತ್ತು,
ನಂಬಬಹುದಾದ ಅಂಕಿಯಲ್ಲಿ.

ಆ ಮಾಡ್ಯೂಲು ಊಲೊ ಬರೆದದ್ದು, ಸಿ ಭಾಷೆಯಲ್ಲಿ,
ನಾನಿನ್ನೂ ಶಾಲೆಗೆ ಹೋಗುತ್ತಿದ್ದಾಗ.
ಒಮ್ಮೆ ಕಂಪೈಲಾಗಿ ಕಲ್ಲಿನಂತೆ ಕೂತ ಕಡತ.
ಮೂಲದಲ್ಲಿ ಒಂದೇ ಒಂದು ಟಿಪ್ಪಣಿ:
"ಇಲ್ಲಿ ಮುಟ್ಟಬೇಡಿ. ಯಾಕೆಂದು ಮರೆತಿದ್ದೇನೆ."

ಅಕ್ಟೋಬರಿನಲ್ಲಿ, ಅದನ್ನು ಕರೆಯುವ ಭಾಷೆಗೆ ಹೊಸ ಆವೃತ್ತಿ ಬಂತು.
ಹಳೆಯ ಕಡತವನ್ನು ಬಾಗಿಲಲ್ಲೇ ತಡೆಯಿತು,
ಹೆಸರಿನ ಬಾಲದಲ್ಲಿ ಹಳೆಯ ಅಂಕಿ ಇತ್ತಲ್ಲ.
ನಾನೇ, ಇದನ್ನು ಬರೆಯಲೇಬೇಕು, ನಾನೇ
ಆ ಅಂಕಿಯೊಂದನ್ನು ತಿದ್ದಿದೆ.
ಬಾಗಿಲು ತೆರೆಯಿತು.
ಶುಕ್ರವಾರ ಸಂಜೆ. ಮನೆಗೆ ಹೋದೆ.

ಪಕ್ಕದ ಮನೆಯ ಅಡುಗೆಮನೆಗೆ
ಕತ್ತಲಲ್ಲೇ ಹೋಗಿ ಉಪ್ಪು ತರುವವನೊಬ್ಬ ಇದ್ದ ಅನ್ನಿ.
ನಾಲ್ಕು ಹೆಜ್ಜೆ, ಎಡಗಡೆ ಹಲಗೆ, ಎರಡನೆಯ ಡಬ್ಬಿ.
ದೀಪ ಬೇಡ, ಕೇಳುವುದೂ ಬೇಡ, ಕೈಗೇ ಗೊತ್ತು.
ಒಂದು ದಿನ ಆ ಮನೆಯವರು ಹೊಸದೊಂದು ಡಬ್ಬಿ ತಂದು
ಸಾಲಿನ ಮೊದಲಿಗೆ ಇಟ್ಟರು.
ಅವರ ಮನೆ, ಅವರ ಹಲಗೆ, ಯಾರನ್ನು ಕೇಳಬೇಕು?
ಕೈ ಮಾತ್ರ ಎರಡನೆಯದಕ್ಕೇ ಹೋಗುತ್ತದೆ.
ಬಿಳಿ ಬಿಳಿಯೇ. ಪುಡಿ ಪುಡಿಯೇ.
ಸಾರು ಬಾಯಿಗೆ ಹೋಗುವ ತನಕ
ಅದು ಉಪ್ಪೇ.

ನಮ್ಮ ಹಲಗೆಯಲ್ಲಿ ಸರಿದದ್ದು ಎಂಟು ಬೈಟು.
ದಪ್ಪ ಇದ್ದ ಜಾಗದಲ್ಲಿ ಈಗ ಎಣಿಕೆ ಇತ್ತು:
ರಾತ್ರಿಯಿಡೀ ಎಷ್ಟು ಅಳತೆ ಬಂದವು ಎಂಬ ಎಣಿಕೆ.
ಮೂವತ್ತೊಂದು.
ಹದಿನೇಳು, ಹದಿನಾರು, ಹದಿನೇಳು ಎಂದು
ಮೂವತ್ತೊಂದು ಸಲ ಕಡಲು ಕೂಗಿ ಹೇಳಿದೆ,
ನಾವು ಅದು ಎಷ್ಟು ಸಲ ಕೂಗಿತೆಂದು ಬರೆದಿಟ್ಟುಕೊಂಡಿದ್ದೇವೆ.

ಊಲೊಗೆ ಫೋನು ಮಾಡಿದೆ. ಹಿತ್ತಲಲ್ಲಿ
ಮೀನಿಗೆ ಹೊಗೆ ಹಾಕುತ್ತಿದ್ದನಂತೆ, ಕೆಮ್ಮಿದ.
"ಕೇಳಿ ತರುವುದು ನಿಧಾನ," ಅಂದ,
"ಆಗಿನ ಯಂತ್ರಗಳು ಬಡವು."
ಆಮೇಲೆ ಸ್ವಲ್ಪ ಹೊತ್ತು ಬರೀ ಕಟ್ಟಿಗೆಯ ಚಟಪಟ.
"ಯಾರಾದರೂ ಹೋಗಿದ್ದರಾ ಅದರ ಮೇಲೆ?"
ಇಲ್ಲ. ಆಹ್ತೊ ಒಬ್ಬನೇ. ನಡೆದು.

ಒಂದು ವಾರ ಕೂತು ಸಾಲು ಸಾಲಾಗಿ ಬಿಚ್ಚಿದೆ.
ಕೈ ಚಾಚಿದ್ದ ಕಡೆಯೆಲ್ಲ ಬಾಗಿಲು ತಟ್ಟಿಸಿದೆ,
ದಪ್ಪ ಎಷ್ಟು, ಸ್ವಲ್ಪ ಹೇಳುತ್ತೀರಾ?
ಹೀಗೆ ನಲವತ್ತೊಂದು ಕಡೆ.
ತಟ್ಟಬಹುದಾದ ಬಾಗಿಲುಗಳ ಪಟ್ಟಿಯನ್ನು ಅವರೇ ಕೊಟ್ಟಿದ್ದಾರೆ:
ಒಳಗೆ ಏನೇ ಸರಿಯಲಿ, ಇವು ಇಲ್ಲೇ ಇರುತ್ತವೆ.
ಚಿಕ್ಕ ಪಟ್ಟಿ. ನನಗೆ ಬೇಕಾದ ಎರಡು ಅದರಲ್ಲಿ ಇಲ್ಲವೇ ಇಲ್ಲ,
ಸುತ್ತು ಹಾದಿ ಹಿಡಿದೆ.
ಭಾಷೆ ವರ್ಷ ವರ್ಷ ಬದಲಾಗುತ್ತದೆ, ಆಗಲಿ.
ಕೊಟ್ಟ ಭಾಷೆ?
ಅದರ ಮೇಲೆ ಈಗ ನನ್ನ ಭಾರವನ್ನೆಲ್ಲ ಬಿಟ್ಟಿದ್ದೇನೆ,
ಬೆಲ್ಟು ಹಾಕದೆ.

ಶೇಕಡಾ ನಾಲ್ಕು ನಿಧಾನವಾಯಿತು.
ಕಡಲು ಗಟ್ಟಿಯಾಗುವುದಕ್ಕಿಂತ ಬೇಗವೇ, ಬಿಡಿ.

ಊಲೊನ ಟಿಪ್ಪಣಿಯನ್ನು ಅಳಿಸಲಿಲ್ಲ.
ಅದರ ಕೆಳಗೆ ಬರೆದೆ: "ಮುಟ್ಟಿದ್ದೇನೆ. ಯಾಕೆಂದರೆ"
ಮುಂದೆ ಹನ್ನೊಂದು ಸಾಲು.

ಹತ್ತೊಂಬತ್ತರಂದು ಪರದೆ ಇಪ್ಪತ್ತೈದು ಅಂದಿತು.
ಆಹ್ತೊ ಆದರೂ ಬೈರಿಗೆ ಹೆಗಲಿಗೇರಿಸಿಕೊಂಡು ಹೊರಟ.
ಹೋಗಿ ನೋಡು ಅಂದವಳು
ನಾನೇ.